ಜೋಡಿ ಬಿಡಲಿಲ್ಲ

ಶೆಟ್ಟಿಹಳ್ಳಿಗೆ ಇನ್ನೂ ಊರಿನ ಕಳೆ ಇದ್ದ ಕಾಲ ಅದು. ನಮ್ಮ ಹಿತ್ತಿಲಲ್ಲಿ ಏಲಕ್ಕಿ ಬಾಳೆ ಬೆಳೆಯುತ್ತಿತ್ತು. ಗೊನೆ ಕಡಿದು ಕತ್ತಲೆ ಕೋಣೆಯಲ್ಲಿ ಹೊಗೆ ಹಾಕಿದರೆ ಇಡೀ ಮನೆಗೆ ಹಣ್ಣಿನ ಘಮ. ಒಂದಕ್ಕೊಂದು ಅಂಟಿಕೊಂಡ ಜೋಡಿ ಹಣ್ಣು ಸಿಕ್ಕರೆ ಅದು ನನಗೇ ಮೀಸಲು. ಬಸುರಿಯರು ಮಾತ್ರ ಅದನ್ನು ಮುಟ್ಟಕೂಡದು, ಅವಳಿ ಹುಟ್ಟುತ್ತವೆ ಎಂದು ಅಜ್ಜಿಯ ಕಟ್ಟಪ್ಪಣೆ.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ತಮ್ಮ ಚಂದು ಹುಟ್ಟಿದ. ಅವಳಿಯೇನಲ್ಲ, ಒಬ್ಬನೇ. ಚಪ್ಪಟೆ ಮೂಗು, ಮೇಲಕ್ಕೆ ಓರೆಯಾದ ಕಣ್ಣು, ಹತ್ತಿಯಂಥ ಮೈ. ಕತ್ತು ನಿಲ್ಲಲು ತಡವಾಯಿತೆಂದು ಯಶವಂತಪುರದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದರು. ಡಾಕ್ಟರಮ್ಮ ಎಲ್ಲರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು.

"ಕ್ರೋಮೋಸೋಮ್ ಅಂತ ಜೋಡಿ ಜೋಡಿಯಾಗಿ ಇರುತ್ತೆ ಅಜ್ಜಿ. ತಾಯಿಯ ಅಂಡಾಣು ಆಗೋವಾಗ ಪ್ರತಿ ಜೋಡಿನೂ ಬಿಟ್ಟುಕೊಂಡು ಒಂದೊಂದು ಕಡೆ ಹೋಗ್ಬೇಕು. ಇಲ್ಲಿ ಒಂದು ಜೋಡಿ ಬಿಡ್ಲೇ ಇಲ್ಲ. ಎರಡೂ ಒಂದೇ ಕಡೆ ಹೋಯ್ತು, ಅಪ್ಪನಿಂದ ಬಂದಿದ್ದು ಸೇರಿ ಮೂರಾಯ್ತು. ಅದಕ್ಕೇ ಮಗು ಬೆಳೆಯೋದು, ಕಲಿಯೋದು ನಿಧಾನ. ಬಸುರಾಗೋ ಮೊದ್ಲೇ ಆಗಿದ್ದು, ಯಾರ ತಪ್ಪೂ ಅಲ್ಲ."

ಅಜ್ಜಿಯ ಕಿವಿಗೆ ಬಿದ್ದದ್ದು 'ಜೋಡಿ ಬಿಡ್ಲಿಲ್ಲ' ಅನ್ನುವುದಷ್ಟೇ.

"ನಾ ಯೋಳ್ಲಿಲ್ವಾ? ಜೋಡಿ ಅಣ್ಣು ತಿಂದವ್ಳೆ ಇವ್ಳು!"

"ದೇವರಾಣೆಗೂ ಮುಟ್ಟಿಲ್ಲ ಅತ್ತೆ," ಅಮ್ಮ ಅತ್ತಳು. ಅಪ್ಪ ರಿಪೋರ್ಟು ಮಡಚಿ ಜೇಬಿಗಿಟ್ಟುಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಎದ್ದ. ನನಗೆ ಸಿಟ್ಟು ಬಂದದ್ದು ಅಪ್ಪನ ಮೇಲೇ.

ಆಮೇಲೆ ಮನೆ ಪೊಲೀಸ್ ಠಾಣೆಯಾಯಿತು. ಹಣ್ಣಿನ ಕೋಣೆಗೆ ಬೀಗ ಬಿತ್ತು, ಬೀಗದಕೈ ಅಜ್ಜಿಯ ಸೊಂಟಕ್ಕೆ ಹೋಯಿತು. ನನ್ನನ್ನು ಮೂಲೆಗೆಳೆದು, "ದಿಟ ಯೋಳವ್ವ, ನಿಮ್ಮವ್ವ ಕದ್ದು ತಿಂದ್ಲಾ?" ಎಂದು ಪಿಸುಗುಟ್ಟುವಳು. ಅಮ್ಮನನ್ನು ತವರಿಗೆ ಅಟ್ಟಲು ನನ್ನ ಬಾಯಿಂದ 'ಹೂಂ' ಅನ್ನಿಸುವ ಹುನ್ನಾರ ಇದು ಎಂದು ನನಗೆ ಅಜ್ಜಿಯ ಮೇಲೆ ಗುಮಾನಿ. ಆಕೆ ಕೊಟ್ಟ ಕೊಬ್ಬರಿ ಮಿಠಾಯಿಯನ್ನೂ ಮೂಸಿ ನೋಡಿಯೇ ತಿನ್ನುತ್ತಿದ್ದೆ.

"ನಾನೆಲ್ಲೂ ಹೋಗಲ್ಲ. ನನ್ನ ಮಗು ಇದೇ ಮನೇಲಿ ಬೆಳೀಬೇಕು," ಎಂದಳು ಅಮ್ಮ, ನನ್ನ ಗುಮಾನಿ ಹೇಳಿದಾಗ. ಹೋಗಲೂ ಇಲ್ಲ. ಬಾಳೆಹಣ್ಣು ತಿನ್ನುವುದನ್ನು ಮಾತ್ರ ಬಿಟ್ಟುಬಿಟ್ಟಳು. ಏಲಕ್ಕಿ ಬಾಳೆ ಅಂದರೆ ಪ್ರಾಣ ಬಿಡುತ್ತಿದ್ದವಳು!

ಈಗ ಆ ಹಿತ್ತಿಲಿನ ಮೇಲೆ ಅಪಾರ್ಟ್‌ಮೆಂಟು ಎದ್ದಿದೆ. ಹೊಗೆಯ ಘಮ ಹೋಯಿತು, ಅಜ್ಜಿಯೂ ಹೋದಳು. ಚಂದು ಮೀಸೆ ಬಂದ ಗಂಡಸು. ತಳ್ಳುಗಾಡಿಯಲ್ಲಿ ಜೋಡಿ ಹಣ್ಣು ಕಂಡರೆ ಬಿಡುವವನಲ್ಲ. ಮನೆಗೆ ತಂದು, ನಾಲಿಗೆ ಕಚ್ಚಿಕೊಂಡು ನಾಜೂಕಾಗಿ ಬೇರೆ ಮಾಡಿ, ಒಂದನ್ನು ಅಮ್ಮನ ಬಾಯಿಗೆ ಹಿಡಿಯುತ್ತಾನೆ.

"ತಿನ್ನಮ್ಮಾ."

ಅವನಿಗಾಗಿ ಅಮ್ಮ ತಿನ್ನುತ್ತಾಳೆ. ಆದರೆ ಬಾಯಿ ತೆರೆಯುವ ಮೊದಲು, ಇವತ್ತಿಗೂ, ಒಮ್ಮೆ ಬಾಗಿಲ ಕಡೆ ನೋಡುತ್ತಾಳೆ.