ಒಳಗಿನ ಚಿಲಕ

ದೆವ್ವ ಕಂಡೆ ಅನ್ನುವವರನ್ನು ನಾನು ಎಂದೂ ನಂಬಿದವಳಲ್ಲ. ನಮ್ಮ ಹಟ್ಟಿಯಲ್ಲಿ ಯಾರಾದರೂ ಅಂಥ ಮಾತು ಎತ್ತಿದರೆ, "ರಾತ್ರಿ ಏನು ತಿಂದು ಮಲಗಿದ್ದೆ?" ಎಂದು ಮುಖದ ಮೇಲೇ ಕೇಳುತ್ತಿದ್ದೆ. ಇದನ್ನು ಓದಿ ನೀವೂ ನನ್ನನ್ನು ಹಾಗೇ ಕೇಳಬಹುದು. ಅಂದು ತಿಂದದ್ದು ರಾಗಿ ಮುದ್ದೆ, ಅವರೆ ಸಾರು. ಎರಡೂ ಹಳಸಿರಲಿಲ್ಲ. ನಾನು ಓದಿದ್ದು ಐದನೇ ಕ್ಲಾಸು ಅಷ್ಟೆ, ಆದರೆ ಕಣ್ಣು ಕಿವಿ ಇಂದಿಗೂ ನೆಟ್ಟಗಿವೆ.

ಆರು ವರ್ಷದ ಹಿಂದಿನ ಜನವರಿ. ನಮ್ಮದು ನೀಲಗಿರಿಯಲ್ಲಿ, ಮಂಜೂರಿಗಿಂತ ಮೇಲಿನ ಹಟ್ಟಿ. ಆ ತಿಂಗಳಲ್ಲಿ ಬೆಳಗ್ಗೆ ಎದ್ದು ನೋಡಿದರೆ ಹೆಪ್ಪುಗಟ್ಟಿದ ಮಂಜಿಗೆ ಟೀ ಗಿಡದ ಚಿಗುರೆಲ್ಲ ಸುಟ್ಟು ಕಪ್ಪಾಗಿರುತ್ತದೆ. ಮಗಳು ಕವಿತಾ ಮೊದಲ ಹೆರಿಗೆಗೆ ಬಂದಿದ್ದಳು. ಕೂಸಿಗೆ ಇಪ್ಪತ್ತು ದಿನ. ಬಾಣಂತಿಗೆ ಚಳಿ ತಾಗಬಾರದೆಂದು ಅವಳ ಕೋಣೆಯ ಕಿಟಕಿಯ ಸಂದಿಗೆಲ್ಲ ಹಳೇ ಸೀರೆಯ ಚೂರು ತುರುಕಿದವಳು ನಾನೇ. ರಾತ್ರಿ ಇದ್ದಿಲಿಗೆ ಬೆಂಕಿ ಹಚ್ಚಿ, ಹೊಗೆ ಪೂರ್ತಿ ಹೋದ ಮೇಲೆ ಅಗ್ಗಿಷ್ಟಿಕೆಯನ್ನು ಒಳಗಿಡುತ್ತಿದ್ದವಳೂ ನಾನೇ. ಗಾಳಿಗೆ ಬಾಗಿಲು ತೆರೆದುಕೊಳ್ಳುತ್ತದೆ, ಚಿಲಕ ಹಾಕಿಕೊಂಡು ಮಲಗು ಎಂದೂ ಹೇಳಿದ್ದೆ. ನನ್ನ ಬಾಣಂತನದಲ್ಲಿ ನನ್ನ ತಾಯಿ ಮಾಡಿದ್ದೂ ಇದನ್ನೇ. ಆ ಮನೆಗೆ ಸಂದಿಯಲ್ಲಿ ಗಾಳಿಯಾಡುವ ಹಂಚು, ಈ ಮನೆಗೆ ತಾರಸಿ. ಆ ವ್ಯತ್ಯಾಸ ನನಗೆ ಹೊಳೆಯಲಿಲ್ಲ.

ಮೂರು ದಿನದಿಂದ ಕವಿತಾಳದು ಒಂದೇ ಮಾತು.

"ಅವ್ವೆ, ರಾತ್ರಿ ಯಾರೋ ಮಂಚದ ಸುತ್ತ ನಡೀತಾರೆ. ಆಮೇಲೆ ಬಂದು ಎದೆ ಮೇಲೆ ಕೂರ್ತಾರೆ. ಬೆಳಗ್ಗೆ ತಲೆ ಸಿಡೀತದೆ."

"ಕೂತ್ರೆ ಕೂರ್ಲಿ, ಬೆಚ್ಚಗಿರ್ತದೆ. ರಾತ್ರಿಯೆಲ್ಲ ಆ ಫೋನ್ ನೋಡು, ಇನ್ನೂ ನಾಕು ಜನ ಬರ್ತಾರೆ."

"ನಿಂಗೆ ಎಲ್ಲಾ ತಮಾಷೆ. ಇವತ್ತೊಂದಿನ ನನ್ ಹತ್ರ ಮಲಗವ್ವೆ."

"ನನ್ ಗೊರಕೆಗೆ ಕೂಸು ಎದ್ದು ಕೂತ್ಕೊಳ್ತದೆ. ಹೋಗು, ಹೋಗು."

ಪಕ್ಕದ ಮನೆಯ ನಂಜಮ್ಮ ಇದನ್ನು ಕೇಳಿ ತಾಯಿತ ತರುತ್ತೇನೆಂದು ಹೊರಟಿದ್ದಳು. ಅವಳನ್ನೂ ಬೈದು ಕಳಿಸಿದೆ.

ನನ್ನ ಯಜಮಾನರಿಗೆ ಟೀ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ. ಅವರಿಲ್ಲದ ರಾತ್ರಿಗಳಲ್ಲಿ ನಾನು ಅಡುಗೆಮನೆಯಲ್ಲಿ ರೇಡಿಯೋ ಹಾಕಿಕೊಂಡು ಕೂರುತ್ತಿದ್ದೆ. ಹಗಲೆಲ್ಲ ತಮಿಳೇ ಸಿಗುತ್ತದೆ. ರಾತ್ರಿ ಹತ್ತು ದಾಟಿದರೆ ಬೆಟ್ಟದ ಕೆಳಗಿನ ಒಂದು ಕನ್ನಡ ಸ್ಟೇಷನ್ನು ಚೆನ್ನಾಗಿ ಕೇಳಿಸುತ್ತಿತ್ತು. ಅದರಲ್ಲಿ ವಿಚಿತ್ರ ಸಂಗತಿಗಳ ಮಾತುಕತೆ ಬರುತ್ತಿತ್ತು. ಜನ ಫೋನು ಮಾಡಿ ಕೇಳುವರು, ತಿಳಿದವರು ವಿಜ್ಞಾನ ಹೇಳುವರು. ನಕ್ಷತ್ರ ಹೇಗೆ ಸಾಯುತ್ತದೆ, ಹಕ್ಕಿಗೆ ದಾರಿ ಹೇಗೆ ತಿಳಿಯುತ್ತದೆ, ಇಂಥವು. ಅರ್ಧ ಅರ್ಥವಾಗುತ್ತಿತ್ತು. ಉಳಿದರ್ಧಕ್ಕೆ ನಾನೇ ಉತ್ತರ ಹೇಳಿಕೊಳ್ಳುತ್ತಿದ್ದೆ.

ಅಂದು ಚಳಿ ಜಾಸ್ತಿಯೆಂದು ಅಗ್ಗಿಷ್ಟಿಕೆಗೆ ಎರಡು ಹಿಡಿ ಇದ್ದಿಲು ಹೆಚ್ಚಾಗಿ ಹಾಕಿದ್ದೆ. ಹನ್ನೊಂದರ ಹೊತ್ತಿಗೆ ರೇಡಿಯೋದಲ್ಲಿ ಯಾವಳೋ ಒಬ್ಬಳು, ತನ್ನ ಮನೆಯಲ್ಲಿ ರಾತ್ರಿ ಹೆಜ್ಜೆ ಸದ್ದು ಕೇಳುತ್ತದೆ, ಎದೆಯ ಮೇಲೆ ಯಾರೋ ಕೂರುತ್ತಾರೆ ಎಂದಳು. ಇವಳಿಗೂ ಬಂತಾ ಎಂದು ನಾನು ನಕ್ಕೆ. ಆ ಕಡೆಯಿಂದ ಡಾಕ್ಟರು, "ದೆವ್ವವನ್ನು ಆಮೇಲೆ ನೋಡೋಣಮ್ಮ. ಮಲಗುವ ಕೋಣೆಯಲ್ಲಿ ಕೆಂಡ ಇಡ್ತೀರಾ?" ಎಂದರು. ಕೆಂಡದಿಂದ ಬರುವ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಹೊಗೆ ಕಾಣದಿದ್ದರೂ ಅದು ಇರುತ್ತದೆ ಎಂದರು. ಮೊದಲು ತಲೆನೋವು, ಎದೆಭಾರ. ಕೆಲವರಿಗೆ ಇಲ್ಲದ ಸದ್ದು ಕೇಳುತ್ತದೆ, ಇಲ್ಲದವರು ಕಾಣುತ್ತಾರೆ. ಕೊನೆಗೆ ನಿದ್ದೆ. ಆ ನಿದ್ದೆಯಿಂದ ಎಷ್ಟೋ ಜನ ಏಳುವುದಿಲ್ಲ.

ಅಷ್ಟರಲ್ಲಿ ನಾನು ಮಗಳ ಕೋಣೆಯ ಬಾಗಿಲ ಮುಂದಿದ್ದೆ. "ಕವಿತಾ, ಚಿಲಕ ತೆಗಿಯೇ!" ಎಂದು ಬಡಿದೆ. ಉತ್ತರವಿಲ್ಲ. ನನ್ನ ಕೂಗಿಗೆ ಕೂಸು ಕೂಡ ಅಳಲಿಲ್ಲ. ಹೆಗಲು ಕೊಟ್ಟು ನೂಕಿದೆ. ಹಲಸಿನ ಮರದ ಬಾಗಿಲು, ಅಲ್ಲಾಡಲಿಲ್ಲ. ಹಿತ್ತಲಿನಿಂದ ಕೊಡಲಿ ತರೋಣವೆಂದು ತಿರುಗಿದೆ. ಹಿಂದೆ ಚಿಲಕದ ಸದ್ದಾಯಿತು. ಅದು ತುಕ್ಕು ಹಿಡಿದ ಚಿಲಕ, ಎರಡು ಸಲ ಮೇಲೆ ಕೆಳಗೆ ಅಲುಗಿಸದೆ ಬರುವುದಿಲ್ಲ. ಎರಡು ಸಲ ಅಲುಗಿತು, ಕಿರ್ರೆಂದು ಸರಿಯಿತು.

ನಾನು ತಕ್ಷಣ ಬಾಗಿಲು ತಳ್ಳಿದೆ. ಕವಿತಾ ಆಚೆ ಗೋಡೆಯ ಮಂಚದ ಮೇಲೆ ಕುತ್ತಿಗೆಯವರೆಗೆ ಕಂಬಳಿ ಹೊದ್ದು ಮಲಗಿದ್ದಳು. ಕೆನ್ನೆಗೆ ಬಾರಿಸಿದರೂ ಕಣ್ಣು ಬಿಡಲಿಲ್ಲ. ಕೂಸಿನ ಕತ್ತು ಜೋತುಬಿದ್ದಿತ್ತು. ಕೋಣೆಯಲ್ಲಿ ಬೇರೆ ಯಾರೂ ಇಲ್ಲ. ಮೊದಲು ಕೂಸನ್ನು ಸುತ್ತಿ ಜಗಲಿಗೆ ತಂದೆ, ಆಮೇಲೆ ಮಗಳ ಕಂಕುಳಿಗೆ ಕೈ ಹಾಕಿ ಹೊರಗೆ ಎಳೆದೆ. ನನ್ನ ಕೂಗಿಗೆ ನಂಜಮ್ಮನ ಗಂಡ ಟೀ ಎಲೆ ಸಾಗಿಸುವ ಪಿಕಪ್ ತಂದ. ಗಾಡಿ ಹೊರಡುವ ಹೊತ್ತಿಗೆ ಕೂಸು ಸಣ್ಣಗೆ ಅತ್ತಿತು. ಆಸ್ಪತ್ರೆಯಲ್ಲಿ ಇಬ್ಬರಿಗೂ ಆಮ್ಲಜನಕ ಕೊಟ್ಟರು. ಇಬ್ಬರೂ ಉಳಿದರು.

ಕವಿತಾಳೇ ಎದ್ದು ಚಿಲಕ ತೆಗೆದು ಮತ್ತೆ ಮಲಗಿರಬಹುದೇ? ಎಷ್ಟೋ ಸಲ ಯೋಚಿಸಿದ್ದೇನೆ. ಮಂಚಕ್ಕೂ ಬಾಗಿಲಿಗೂ ಆರು ಹೆಜ್ಜೆ, ನಡುವೆ ಕೆಂಡ. ಚಿಲಕ ಸರಿದದ್ದಕ್ಕೂ ನಾನು ಬಾಗಿಲು ತಳ್ಳಿದ್ದಕ್ಕೂ ನಡುವೆ ಒಂದು ಉಸಿರಿನಷ್ಟೂ ಹೊತ್ತಿರಲಿಲ್ಲ.

ಮೂರನೇ ದಿನ ಆಸ್ಪತ್ರೆಯಲ್ಲಿ ಅವಳೇ ಕೇಳಿದಳು. "ಅವ್ವೆ, ನಾನು ಚಿಲಕ ಹಾಕಿದ್ನಲ್ಲ, ನೀ ಹೆಂಗೆ ಒಳಗೆ ಬಂದೆ?"

ಪಕ್ಕದಲ್ಲಿ ನಂಜಮ್ಮ ಕಿವಿ ನೆಟ್ಟಗೆ ಮಾಡಿಕೊಂಡು ಕೂತಿದ್ದಳು. ನಾನು ಬಾಯಿ ಬಿಟ್ಟರೆ ನನ್ನ ಮೊಮ್ಮಗಳು ಸಾಯುವವರೆಗೂ ದೆವ್ವ ಮುಟ್ಟಿದ ಹುಡುಗಿ.

"ನೀ ಹಾಕಿರ್ಲಿಲ್ಲ," ಎಂದೆ.

"ಹಾಕಿದ್ದೆ ಕಣವ್ವೆ, ಕೈಯಾರ."

"ವಿಷಗಾಳಿ ಕುಡಿದ ತಲೆ ನಿಂದು. ಇಲ್ಲದ್ದೆಲ್ಲ ಇದ್ದಂಗೆ ಅನ್ನಿಸ್ತದೆ ಅಂತ ಡಾಕ್ಟ್ರೇ ಹೇಳಿದ್ರು."

ಅವಳು ಒಪ್ಪಿಕೊಂಡಳು. ಇವತ್ತಿಗೂ ಹಾಗೇ ನಂಬಿದ್ದಾಳೆ. ಆದರೆ ಆ ಗಾಳಿ ಕುಡಿದವಳು ಅವಳು. ನಾನು ಹೊರಗೆ ನಿಂತಿದ್ದೆ.