ವಿಮೆಗೆ ಸೇರದ ಫೀಸು

ಆಳೆತ್ತರದ ಗಾಜನ್ನು ಎದೆಗವಚಿಕೊಂಡು ಮಹಡಿ ಹತ್ತುವಾಗಲೂ ಹರಟೆ ಹೊಡೆಯುತ್ತಿದ್ದವನು ಗಾಜಣ್ಣ. ಕಿಟಕಿಗಳಿಗೆ, ಅಂಗಡಿಗಳಿಗೆ ಗಾಜು ಕೂರಿಸುವುದು ಅವನ ಕಸುಬು. ನಿಜವಾದ ಹೆಸರು ಗಿರಾಕಿಗಳಿಗೆ ಮರೆತೇ ಹೋಗಿತ್ತು. ಮದುವೆಯ ಗೋಜಿಗೆ ಹೋಗದ ಅವನನ್ನೂ ಅವನ ಗಾಜಿನಂಗಡಿಯ ಗಲ್ಲಾಪೆಟ್ಟಿಗೆಯನ್ನೂ ನೋಡಿಕೊಳ್ಳುತ್ತಿದ್ದವಳು ಅಕ್ಕ.

ಸೊಂಟನೋವನ್ನು ಅವನು ವರ್ಷಗಟ್ಟಲೆ ಲೆಕ್ಕಕ್ಕೇ ಇಟ್ಟಿರಲಿಲ್ಲ. ಒಂದು ಬೆಳಿಗ್ಗೆ ಚಪ್ಪಲಿ ಮೆಟ್ಟಲು ಹೋದರೆ ಬಲಪಾದ ಮೇಲೇಳಲೇ ಇಲ್ಲ. ಬೆನ್ನುಮೂಳೆಯ ಡಿಸ್ಕ್ ಜಾರಿ ನರವನ್ನು ಒತ್ತುತ್ತಿದೆ, ತಡಮಾಡಿದರೆ ಪಾದ ಹೀಗೇ ಉಳಿದೀತು ಎಂದರು ಸ್ಕ್ಯಾನ್ ನೋಡಿದ ದೊಡ್ಡ ಸರ್ಜನ್. ಅಂದೇ ಆಸ್ಪತ್ರೆಗೆ ಸೇರಿಸಿದ್ದಾಯಿತು. ವಿಮೆ ಕಂಪನಿಯ ಒಪ್ಪಿಗೆಯೂ ಬಂದಾಗ ಅಕ್ಕನಿಗೆ ಹೋದ ಜೀವ ಬಂದಂತಾಯಿತು.

ಆಪರೇಷನ್ನಿನ ಹಿಂದಿನ ಮಧ್ಯಾಹ್ನ ಬಿಲ್ಲಿಂಗ್ ಕೌಂಟರಿನ ಹುಡುಗಿ ವಾರ್ಡಿಗೇ ಬಂದಳು.

"ಅಮ್ಮಾ, ಸರ್ಜನ್ ಫೀಸು ಬೇರೆ. ಇವತ್ತೇ ಕಟ್ಬೇಕು."

"ವಿಮೆಯವ್ರು ಒಪ್ಪಿದಾರಲ್ಲಮ್ಮ?"

"ಅದು ಆಸ್ಪತ್ರೆ ಖರ್ಚಿಗೆ. ನಮ್ಮ ಡಾಕ್ಟ್ರು ವಿಮೆ ರೇಟಿಗೆ ಮಾಡಲ್ಲ." ಅವಳು ಮೊತ್ತ ಬರೆದ ಚೀಟಿ ಕೊಟ್ಟು ಹೋದಳು.

"ವ್ಯಾನ್ ಮಾರ್ತೀನಿ," ಅಂದಳು ಅಕ್ಕ.

"ಮಾರಿ? ಗಾಜನ್ನ ತಲೆ ಮೇಲೆ ಹೊತ್ಕೊಂಡು ಹೋಗ್ಲಾ?"

"ಕಾಲೇ ಇಲ್ದಿದ್ರೆ ಎಲ್ಲಿಗೋ ಹೋಗ್ತೀಯ? ಬಾಯ್ಮುಚ್ಕೊಂಡು ಮಲ್ಕೋ."

ಅವಳು ಫೋನ್ ಹಿಡಿದು ಹೊರಗೆ ಹೋದಳು. ಅವನು ಹೊದಿಕೆಯ ಕೆಳಗೆ ಪಾದ ಎತ್ತಲು ಹೆಣಗಿದ. ಬೆವರು ಬಂತೇ ಹೊರತು ಬೆರಳು ಮಿಸುಕಲಿಲ್ಲ.

ಸರ್ಜನ್ ರೌಂಡ್ಸಿಗೆ ಬರುವ ಹೊತ್ತಿಗೆ ವ್ಯಾನಿಗೆ ಗಿರಾಕಿ ಸಿಕ್ಕಿತ್ತು, ಆದರೆ ಅರ್ಧ ಬೆಲೆಗೆ. ಅಕ್ಕ ಮಂಚಕ್ಕೆ ಅಡ್ಡಲಾಗಿ ನಿಂತಳು.

"ಡಾಕ್ಟ್ರೇ, ಚೌಕಾಸಿ ಮಾಡ್ತಿಲ್ಲ. ನಿಮ್ಮ ಒಡಹುಟ್ಟಿದ ತಮ್ಮನ ಹತ್ರಾನೇ ಇಷ್ಟು ದುಡ್ಡಿಲ್ದೇ ಹೋಗಿದ್ರೆ, ಅವನನ್ನ ಯಾರ ಹತ್ರ ಕಳಿಸ್ತಿದ್ರಿ?"

ಸರ್ಜನ್ ಹುಬ್ಬು ಗಂಟಿಕ್ಕಿದರು. ಗಾಜಣ್ಣನಿಗೆ ಅಕ್ಕನ ಕೈ ಹಿಡಿದು ಹಿಂದಕ್ಕೆ ಎಳೆಯಬೇಕೆನಿಸಿತು. ನಾಳೆ ತನ್ನ ಬೆನ್ನು ಕೊಯ್ಯುವವರು ಇವರೇ ಅಲ್ಲವೇ!

ಸರ್ಜನ್ ಕೈಲಿದ್ದ ಫೈಲು ಮುಚ್ಚಿದರು. "ಸರ್ಕಾರಿ ಆಸ್ಪತ್ರೆಯಲ್ಲಿ ನನ್ನ ಜೊತೆ ಓದಿದವರೊಬ್ಬರಿದ್ದಾರೆ. ಒಳ್ಳೇ ಕೈ. ಅಲ್ಲಿ ವಿಮೆಯಲ್ಲೇ ಎಲ್ಲಾ ಮುಗಿಯುತ್ತೆ. ಆದ್ರೆ ಸರದಿ ಕಾಯ್ಬೇಕು. ಕಾದ್ರೆ ನರಕ್ಕೆ ಅಪಾಯ, ಅದನ್ನ ಮುಚ್ಚಿಡಲ್ಲ."

ಅಕ್ಕ ತಮ್ಮನ ಕಡೆ ತಿರುಗಿದಳು. "ಕಾಲು ನಿಂದು. ನೀನೇ ಹೇಳು."

"ಅಲ್ಲಿಗೇ ಹೋಗೋಣ ಅಕ್ಕ."

ಸರದಿ ಬರುವವರೆಗೆ ಅಕ್ಕ ದಿನಾ ಬೆಳಿಗ್ಗೆ ಅವನ ಪಾದ ಗಿಲ್ಲಿ, "ಗೊತ್ತಾಯ್ತಾ?" ಎಂದು ಕೇಳುತ್ತಿದ್ದಳು. ಏನೂ ಗೊತ್ತಾಗದ ದಿನವೂ ಅವನು "ಅಯ್ಯಯ್ಯೋ!" ಎಂದು ಕೂಗುತ್ತಿದ್ದ. ಅವಳು ನಂಬಿದಂತೆ ನಗುತ್ತಿದ್ದಳು. ಆಮೇಲೆ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಜೋರಾಗುತ್ತಿತ್ತು.

ಅಂತೂ ಆಪರೇಷನ್ ಆಯಿತು. ಮರುದಿನ, ಸರ್ಜನ್ ಹೇಳಿದ್ದ ಆ ಡಾಕ್ಟರಮ್ಮ ಬಂದು, "ಎಲ್ಲಿ, ಪಾದ ಎತ್ತಿ" ಎಂದರು. ಅಕ್ಕ ಹೊದಿಕೆ ಸರಿಸಿದಳು. ಪಾದ ನಡುಗುತ್ತಾ ಎದ್ದಿತು. ಹೆಬ್ಬೆರಳು ಮಾತ್ರ ಏಳಲಿಲ್ಲ.

ಅದು ಇವತ್ತಿಗೂ ಎದ್ದಿಲ್ಲ. ಗಾಜಣ್ಣ ತುಸು ಕಾಲೆಳೆದು ನಡೆಯುತ್ತಾನೆ. ಭಾರ ಹೊರಲು ಆಳುಗಳಿದ್ದಾರೆ, ಅವನು ಮೇಜಿನ ಮುಂದೆ ಗಾಜು ಕೊಯ್ಯುತ್ತಾನೆ. ವ್ಯಾನ್ ಮಾರದೆ ಉಳಿಯಿತು. ಕಾಯದೇ ಮಾಡಿಸಿದ್ದರೆ ಬೆರಳೂ ಸರಿಹೋಗುತ್ತಿತ್ತೇನೋ ಎಂದು ಯಾರಾದರೂ ಅಂದರೆ, ಅಕ್ಕ ಸದ್ದಿಲ್ಲದೆ ಒಳಗೆ ಹೋಗಿಬಿಡುತ್ತಾಳೆ. ಗಾಜಣ್ಣ ತಲೆ ಎತ್ತದೆ, "ನಿಮ್ಮ ಕಿಟಕಿ ಅಳತೆ ಎಷ್ಟಂದ್ರಿ?" ಎಂದು ಕೇಳುತ್ತಾನೆ.