ವಾಂಡಲ್ ಹೊಳೆಗೆ ಬಿಟ್ಟ ಪುಸ್ತಕ

ಹಾನಾ, ನಿನ್ನ ಅಜ್ಜನ ಪ್ರಾರ್ಥನೆ ಪುಸ್ತಕ ನಿನ್ನ ಅಮ್ಮನ ಸಮಾಧಿಯಲ್ಲಿ ಇಲ್ಲ. ಅದನ್ನು ನಾನು ವಾಂಡಲ್ ಹೊಳೆಗೆ ಬಿಟ್ಟೆ. ಬಿಟ್ಟದ್ದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ — ನಿಮ್ಮ ಯೆಹೂದಿ ಪ್ರಾರ್ಥನಾಮಂದಿರ ಸಿನಗಾಗಿನ ಪೆಟ್ಟಿಗೆಯಲ್ಲಿ ಹಾಕಿದ್ದೇನೆ ಎಂದು ನಿನ್ನ ಅಮ್ಮ ರೂತ್‌ಗೆ ಸುಳ್ಳು ಹೇಳಿದೆ, ಅವರು ಅದನ್ನು ನಂಬಿಕೊಂಡೇ ಕಣ್ಣು ಮುಚ್ಚಿದರು. ನೀನು ಓದಲಾರದ ಕನ್ನಡದಲ್ಲಿ ಇದನ್ನು ಮೊದಲು ಬರೆಯುತ್ತಿರುವುದೂ ಒಂದು ಹೇಡಿತನ ಇರಬಹುದು. ಆದರೆ ನನ್ನ ಮನಸ್ಸು ಬಿಚ್ಚಿಕೊಳ್ಳುವುದು ಈ ಭಾಷೆಯಲ್ಲೇ.

ನಾನು ಮೈಸೂರಿನವಳು, ಇಂಗ್ಲಿಷರ ನಾಡಿನ ಈ ಸಟನ್‌ಗೆ ಬಂದು ಅರ್ಧ ಆಯುಷ್ಯ ಕಳೆಯಿತು. ಕೆಳಗಿನ ಫ್ಲ್ಯಾಟಿನಲ್ಲಿ ನಿನ್ನ ಅಮ್ಮ. ಶನಿವಾರ ಅವರ ವಿಶ್ರಾಂತಿಯ ದಿನ — ಕಾರು ಹತ್ತುವಂತಿಲ್ಲ, ಲಿಫ್ಟಿನ ಗುಂಡಿ ಒತ್ತುವಂತಿಲ್ಲ. ಸಿನಗಾಗಿನಲ್ಲಿ ಹೆಂಗಸರ ಜಾಗ ಮಹಡಿಯ ಮೇಲೆ. ಮಂಡಿ ಕೈಕೊಟ್ಟ ಮೇಲೆ ಮೆಟ್ಟಿಲು ಹತ್ತಲು ಅವರಿಗೆ ನನ್ನ ತೋಳು ಬೇಕಾಯಿತು. ಬರೀ ತೋಳಾಗಿ ಹೋದವಳು ನಾನು. ಆಮೇಲೆ ಅವರ ಪಕ್ಕದ ಕುರ್ಚಿ ನನ್ನದೇ ಆಯಿತು. ಧರ್ಮಗ್ರಂಥದ ಪವಿತ್ರ ಸುರುಳಿಗಳ ಕಪಾಟು ತೆರೆದಾಗ ಎಲ್ಲರೂ ಎದ್ದು ನಿಲ್ಲುತ್ತಾರಲ್ಲ, ಆಗ ರೂತ್ ಏಳುತ್ತಿದ್ದದ್ದು ನನ್ನ ಭುಜ ಹಿಡಿದು. ಹೀಬ್ರೂ ಒಂದಕ್ಷರ ಬಾರದ ನನಗೆ ಅದೆಷ್ಟು ಜಂಬ! ಇವತ್ತಿಗೂ ಇದೆ, ಮುಚ್ಚಿಡುವುದಿಲ್ಲ.

ಆ ಜಾಗದ ಮೇಲೆ ಅವರಿಗಿದ್ದ ಹೆಮ್ಮೆ ನನಗೂ ಅಂಟಿತ್ತು. ಯೆಹೂದಿಗಳನ್ನು ದ್ವೇಷಿಸುವವರು ವಿಯೆನ್ನಾದಲ್ಲಿ ಅವರ ಸಿನಗಾಗಿಗೆ ಬೆಂಕಿ ಇಟ್ಟಾಗ ನಿನ್ನ ಅಜ್ಜನ ಕೋಟಿನ ಜೇಬಿನಲ್ಲಿ ಉಳಿದದ್ದು ಆ ಪುಸ್ತಕವೊಂದೇ. ಇಲ್ಲಿಗೆ ಬಂದವರು ಮೊದಲು ದರ್ಜಿ ಅಂಗಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿ ಪ್ರಾರ್ಥಿಸಿದರು, ಅಲ್ಲೇ ಮಕ್ಕಳಿಗೆ ಅಕ್ಷರ ಕಲಿಸಿದರು, ಅಲ್ಲೇ ಮದುವೆ ಮಾತಾಡಿದರು. ಈ ಇಟ್ಟಿಗೆಯ ಕಟ್ಟಡ ಎದ್ದದ್ದು ಆಮೇಲೆ. ಈಗ ಗೇಟಿನಲ್ಲಿ ಕಾವಲು ಇದೆ, ಒಳಗೆ ಹೋಗುವ ಮುನ್ನ ಮುಖ ನೋಡಿ ಬಿಡುತ್ತಾರೆ. ನನಗೆ ಅದು ಸಂಕಟ. ರೂತ್ ಮಾತ್ರ ತಲೆ ಎತ್ತಿ ನಡೆಯುತ್ತ, "ಆದರೂ ಬರುತ್ತೇವೆ, ನೋಡು" ಅನ್ನುತ್ತಿದ್ದರು.

ಒಂದು ಸಲ ಅವರ ಕೈಯಿಂದ ಪುಸ್ತಕ ಜಾರಿ ಬಿತ್ತು. ಎತ್ತಿ ಮುತ್ತಿಟ್ಟರು. ಕಾಲು ತಾಗಿದ ಪುಸ್ತಕವನ್ನು ನಾವು ಕಣ್ಣಿಗೊತ್ತಿಕೊಳ್ಳುವ ಹಾಗೆಯೇ! ನಮ್ಮಿಬ್ಬರದೂ ಒಂದೇ ಎಂದುಕೊಂಡೆ — ನಾನು ಎಡವಿದ್ದು ಅಲ್ಲೇ.

ನಿನ್ನ ಅಜ್ಜನ ಆ ಪುಸ್ತಕ ಹಾಳೆ ಹಾಳೆಯಾಗಿ ಉದುರತೊಡಗಿದಾಗ ರೂತ್ ಅದನ್ನು ಬಟ್ಟೆಯ ಚೀಲದಲ್ಲಿಟ್ಟು ನನಗೆ ಕೊಟ್ಟರು. "ಇದರಲ್ಲಿ ದೇವರ ಹೆಸರಿದೆ, ಕಸಕ್ಕೆ ಹೋಗಬಾರದು. ಏನು ಮಾಡಬೇಕೆಂದು ನಿನಗೆ ಗೊತ್ತಲ್ಲ."

ಗೊತ್ತು ಎಂದೆ. ಗೊತ್ತೂ ಇತ್ತು — ನನ್ನ ರೀತಿಯಲ್ಲಿ. ಮಾಸಿದ ದೇವರ ಪಟ, ಹರಿದ ಸ್ತೋತ್ರದ ಪುಸ್ತಕ, ಎಲ್ಲವನ್ನೂ ಅಮ್ಮ ಶ್ರೀರಂಗಪಟ್ಟಣಕ್ಕೆ ಒಯ್ದು ಕಾವೇರಿಗೆ ಬಿಡುತ್ತಿದ್ದಳು. ಹರಿಯುವ ನೀರಿಗಿಂತ ದೊಡ್ಡ ಮರ್ಯಾದೆ ಇನ್ನೇನಿದೆ? ಹೊಸ ರವಿಕೆ ಕಣದಲ್ಲಿ ಸುತ್ತಿ, ಚೆಂಡು ಹೂವಿಟ್ಟು, ಬೆಳಗ್ಗೆ ಸ್ನಾನ ಮಾಡಿ ಹೋಗಿ ವಾಂಡಲ್‌ಗೆ ಬಿಟ್ಟೆ. ಗಂಟು ಬಾತುಕೋಳಿಗಳ ನಡುವೆ ತೇಲಿ, ಸೇತುವೆಯ ಕೆಳಗೆ ಮರೆಯಾಯಿತು. ಕೈ ಮುಗಿದೆ. ನಿಮ್ಮ ಮನೆಯ ಕೆಲಸವನ್ನು ಮನೆಮಗಳ ಹಾಗೆ ಮಾಡಿದೆನೆಂದು ಬೀಗುತ್ತ ಮನೆಗೆ ಬಂದೆ.

ಮುಂದಿನ ಶನಿವಾರ ಸಿನಗಾಗಿನ ಮೆಟ್ಟಿಲ ಕೆಳಗಿನ ಮರದ ಪೆಟ್ಟಿಗೆ ತೋರಿಸಿ ರೂತ್ ಕೇಳಿದರು. "ಅಪ್ಪನ ಪುಸ್ತಕ ಇದರೊಳಗೆ ಹೋಯಿತಲ್ಲ? ಸವೆದ ಪುಸ್ತಕಗಳನ್ನು ನಾವು ಮನುಷ್ಯರನ್ನು ಹೂಳುವ ಹಾಗೇ ಹೂಳುತ್ತೇವೆ. ನಾನು ಹೋಗುವಾಗ ಅದು ನನ್ನ ಜೊತೆಗೇ ಬರಲಿ."

ವಾರವಾರವೂ ನೋಡಿದ ಪೆಟ್ಟಿಗೆ ಅದು. ಹಳೆ ಬಟ್ಟೆ ಹಾಕುವುದಕ್ಕೆ ಇಟ್ಟಿದ್ದಾರೆಂದುಕೊಂಡಿದ್ದೆ — ಕೇಳಬಹುದಿತ್ತು, ಕೇಳಲಿಲ್ಲ. ಎಲ್ಲ ಬಲ್ಲವಳು ಕೇಳುವುದುಂಟೇ? ನಿಜ ಹೇಳಿದರೆ ಎಲ್ಲ ಹೋಗುತ್ತದೆ ಅನಿಸಿತು. ಇವರ ಪಕ್ಕದ ಕುರ್ಚಿ, ಭುಜದ ಮೇಲಿನ ಆ ಕೈ —

"ಹೂಂ, ಹಾಕಿದೆ," ಎಂದೆ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ನನ್ನದು ಒಂದು ಹೂಂಗೆ ಹೋಯಿತು.

ರೂತ್ ತೀರಿಕೊಂಡಾಗ ಪೆಟ್ಟಿಗೆಯ ಪುಸ್ತಕಗಳನ್ನೆಲ್ಲ ಚೀಲದಲ್ಲಿ ಕಟ್ಟಿ ಅವರ ಜೊತೆ ಮಣ್ಣಿಗಿಟ್ಟರು. ನೀನು ಚೀಲ ಬಿಚ್ಚಿ ನೋಡಲಿಲ್ಲ, ನಿನಗೆ ನನ್ನ ಮಾತೇ ಸಾಕಾಗಿತ್ತು. ನನ್ನ ಕೈಗೂ ನೀನೇ ಸಲಿಕೆ ಕೊಟ್ಟೆ. ನಾನೂ ಮಣ್ಣು ಹಾಕಿದೆ, ಹಾನಾ.

ಅಂದು ಮನೆಗೆ ಬಂದು ಎಲ್ಲವನ್ನೂ ನನ್ನ ಗಂಡನಿಗೆ ಹೇಳಿದೆ. ಧಾರವಾಡದವರು, ಮಾತು ನೇರ. "ಹೊಳೀಗೆ ಬಿಟ್ಟದ್ದು ತಿಳೀಲಾರದ ಆತು, ಹೋಗ್ಲಿ. ಹಾಕೇನಿ ಅಂತ ಅಂದಿ ನೋಡು, ಅದು ತಿಳಿದು ಅಂದದ್ದು."

ವರ್ಷಗಳು ಹೋದವು. ಶನಿವಾರಗಳಂದು ಈಗ ನಿನ್ನ ಪಕ್ಕದಲ್ಲಿ ಕೂರುತ್ತೇನೆ. ಮೊನ್ನೆ ನೀನು ಫೋನ್ ಮಾಡಿದೆ. ಅಮ್ಮನ ಪ್ರಾರ್ಥನೆ ಪುಸ್ತಕವೂ ಸವೆದಿದೆ, ಭಾನುವಾರ ತರುತ್ತೇನೆ ಎಂದೆ. "ಪೆಟ್ಟಿಗೆಗೆ ನೀವೇ ಹಾಕಬೇಕು. ಅಜ್ಜನದ್ದನ್ನೂ ನೀವೇ ಹಾಕಿದ್ದಲ್ಲವೆ?"

ಆ ಕ್ಷಣ ನನಗೆ ಹೆಮ್ಮೆಯೇ ಆಯಿತು, ನಾಚಿಕೆ ಆಮೇಲೆ ಬಂತು. ಒಂದು ಮನೆತನ ಬೆಂಕಿಯಿಂದ ಉಳಿಸಿ ತಂದ ದೇವರ ಹೆಸರನ್ನು ಹೊರಗಿನವಳ ಕೈಗೆ ನಂಬಿ ಕೊಡುವುದೆಂದರೆ ಸಣ್ಣ ಮಾತಲ್ಲ. ಆ ಹೆಮ್ಮೆ ನನಗೆ ಬೇಕು, ಆದರೆ ಕದ್ದದ್ದು ಬೇಡ.

ಭಾನುವಾರ ನೀನು ಚೀಲ ಚಾಚಿದಾಗ ನಾನು ಕೈ ಮುಂದೆ ಮಾಡುವುದಿಲ್ಲ. ಮೊದಲು ಇದನ್ನೆಲ್ಲ ಇಂಗ್ಲಿಷಿನಲ್ಲಿ, ನಿನ್ನ ಮುಖ ನೋಡಿಕೊಂಡು ಹೇಳುತ್ತೇನೆ. ಆಮೇಲೆ ಚೀಲವನ್ನು ನನಗೆ ಕೊಡುವುದೋ, ನೀನೇ ಒಯ್ಯುವುದೋ ನಿನಗೆ ಬಿಟ್ಟದ್ದು. ನೀನೇ ಒಯ್ದರೆ ಬಾಗಿಲವರೆಗೆ ಬಂದು, ನೀನು ಬೀದಿ ದಾಟುವವರೆಗೆ ನಿಂತು ನೋಡುತ್ತೇನೆ. ನಿನ್ನ ಅಮ್ಮನ ಪುಸ್ತಕವಾದರೂ ಅದರ ಜಾಗಕ್ಕೆ ಸೇರಲಿ.